ಪ್ರಾಜೆಕ್ಟ್ ಅಂದ್ರೆ ಥರ್ಮೋಕೋಲ್ ಅಲ್ಲ ಸ್ವಾಮಿ!

ರಾತ್ರಿ ಒಂಬತ್ತು ಗಂಟೆ. ಅಂಗಡಿಯ ಶಟರ್ ಅರ್ಧ ಇಳಿದಿದೆ. ಅಷ್ಟರಲ್ಲಿ ಏದುಸಿರು ಬಿಡುತ್ತಾ ಒಬ್ಬ ಅಪ್ಪ ಹಾಜರ್. "ಅಣ್ಣಾ, ಒಂದು ಥರ್ಮೋಕೋಲ್ ಶೀಟು, ಎರಡು ಚಾರ್ಟು ಕೊಡ್ರಿ. ಹಂಪಿ ಕಲ್ಲಿನ ರಥದ ಫೋಟೋ ಇದ್ರೆ ಅದೂ ಇರ್ಲಿ. ನಾಳೆ ಮಗನ ಪ್ರಾಜೆಕ್ಟು!"

ಮಗ ಎಲ್ಲಿ? ಮನೆಯಲ್ಲಿ ಮಲಗಿದ್ದಾನೆ. ಪ್ರಾಜೆಕ್ಟು ಮಾಡೋದು ಯಾರು? ಅಪ್ಪ. ಮಾರ್ಕ್ಸು ಯಾರಿಗೆ? ಮಗನಿಗೆ. ಕಲಿತವರು ಯಾರು? ಲೆಕ್ಕ ಹಾಕಿದರೆ ಅಂಗಡಿಯವನು ಒಬ್ಬನೇ. ಯಾವ ತಿಂಗಳು ಎಷ್ಟು ಥರ್ಮೋಕೋಲ್ ತರಿಸಬೇಕು ಅಂತ ಅವನಿಗೆ ಚೆನ್ನಾಗಿ ಗೊತ್ತಾಗಿದೆ!

ಕುರೆಕುಪ್ಪ, ತೋರಣಗಲ್ಲು, ಸಂಡೂರು, ಹೊಸಪೇಟೆ, ಕಂಪ್ಲಿ, ಎಲ್ಲೇ ಹೋಗಿ, ಇಂಥ ಗಿರಾಕಿ ಕಾಣದ ಸ್ಟೇಷನರಿ ಅಂಗಡಿ ಅಪರೂಪ. ಸಮಾಜ ಪಾಠವನ್ನು ಬಾಯಿಪಾಠದಿಂದ ಬಿಡಿಸಬೇಕು ಅಂತ ಬಂದ ಒಳ್ಳೆಯ ಪದ್ಧತಿ, ಕೊನೆಗೆ ಅಂಟು, ಕತ್ತರಿ, ಕಲರ್ ಪ್ರಿಂಟಿಗೆ ಬಂದು ನಿಂತಿದೆ.

ಪ್ರಶ್ನೆಯಿಂದ ಶುರು

ಪ್ರಾಜೆಕ್ಟ್ ಪದ್ಧತಿ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಶಿಕ್ಷಣತಜ್ಞ ವಿಲಿಯಂ ಕಿಲ್‌ಪ್ಯಾಟ್ರಿಕ್ ಇದರ ಬಗ್ಗೆ ಬರೆದಿದ್ದು 1918ರಲ್ಲಿ. ಕನ್ನಡ ನಾಡಿನಲ್ಲೇ ಶಿವರಾಮ ಕಾರಂತರು 1930ರ ದಶಕದಲ್ಲಿ ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗ ನಡೆಸಿದರು. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯೂ ಇದನ್ನೇ ಹೇಳುತ್ತದೆ: ಮಗು ಚಟುವಟಿಕೆಯಿಂದ, ತಾನೇ ಹುಡುಕಿ, ಕಂಡುಕೊಂಡು ಕಲಿಯಬೇಕು. ಅಂದರೆ ಇದು ಯಾವುದೋ ಮೇಷ್ಟ್ರ ಹವ್ಯಾಸವಲ್ಲ, ಕಾನೂನಿನ ಮಾತು.

ಹಾಗಾದರೆ ನಿಜವಾದ ಪ್ರಾಜೆಕ್ಟು ಯಾವುದು? ಗುರುತು ಹಿಡಿಯುವುದು ಸುಲಭ. ಮಾದರಿ ಮಾಡಿ ತೋರಿಸಿದರೆ ಅದು ಪ್ರದರ್ಶನ. ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಹಿಡಿದು ಮಗು ಹೊರಟರೆ ಅದು ಪ್ರಾಜೆಕ್ಟು. ಮೊದಲು ಪ್ರಶ್ನೆ. ಆಮೇಲೆ ತನ್ನ ಊಹೆ. ನಂತರ ಹೋಗಿ ನೋಡುವುದು, ಹಿರಿಯರನ್ನು ಕೇಳುವುದು, ಬರೆದುಕೊಳ್ಳುವುದು. ಇಬ್ಬರು ಎರಡು ಥರ ಹೇಳಿದರೆ ಯಾವುದು ಸರಿ ಅಂತ ತೂಗುವುದು. ಕೊನೆಗೆ ನಾಲ್ಕು ಜನರ ಮುಂದೆ ನಿಂತು ಹೇಳಿ, ಅವರ ಪ್ರಶ್ನೆಗೆ ಉತ್ತರ ಕೊಡುವುದು. ಇದಕ್ಕೆ ಬೇಕಾದ ಬಂಡವಾಳ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು.

ಬಸ್ ಟಿಕೆಟ್ಟಿನಷ್ಟು ದೂರದ ಪಾಠ

ಕುರೆಕುಪ್ಪದ ಮಗುವಿಗೆ ಇರುವಷ್ಟು ಭಾಗ್ಯ ಎಷ್ಟು ಊರಿನ ಮಕ್ಕಳಿಗಿದೆ? ಬಳ್ಳಾರಿ ಕಡೆ ಬಸ್ ಹತ್ತಿದರೆ ದಾರಿಯಲ್ಲೇ ಕುಡತಿನಿ. ಅಲ್ಲಿನ ಬೂದಿ ದಿಬ್ಬಕ್ಕೆ ನಾಲ್ಕೈದು ಸಾವಿರ ವರ್ಷದ ಚರಿತ್ರೆ. ಇಂಥ ದಿಬ್ಬಗಳು ರಾಕ್ಷಸರ ಚಿತೆಯ ಬೂದಿ ಅಂತ ಜನ ಕಥೆ ಕಟ್ಟಿದ್ದಾರೆ. 1957ರಲ್ಲಿ ರೇಮಂಡ್ ಆಲ್ಚಿನ್ ಉಟ್ನೂರಿನ ದಿಬ್ಬವನ್ನು ಅಗೆದು ನೋಡಿದರು. ಅದು ನವಶಿಲಾಯುಗದ ದನಗಾಹಿಗಳ ದೊಡ್ಡಿ, ಸುಟ್ಟಿದ್ದು ಸಗಣಿ ಅಂತ ತೋರಿಸಿದರು. ಕಥೆ ಯಾವುದು, ಸಾಕ್ಷ್ಯ ಯಾವುದು ಅಂತ ಐದನೇ ಕ್ಲಾಸಿನ ಮಗುವಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ಹೊಸಪೇಟೆ ಕಡೆ ಹೋದರೆ ತುಂಗಭದ್ರಾ ಡ್ಯಾಂ. 1945ರಲ್ಲಿ ಕೆಲಸ ಶುರು, 1953ರಲ್ಲಿ ನೀರು. ಗೇಟು 33. ಮೊದಲು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. ಕಳೆಯುವ ಲೆಕ್ಕ ಕಲಿತ ಮಗು ಇದನ್ನು ತಾನೇ ಕಳೆದು ನೋಡಲಿ. ಆಗ "ಆ 28 ಟಿ.ಎಂ.ಸಿ. ನೀರಿನ ಜಾಗಕ್ಕೆ ಮಣ್ಣು ಎಲ್ಲಿಂದ ಬಂತು ಸಾರ್?" ಅಂತ ಕೇಳಿಯೇ ಕೇಳುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಅಪ್ಪ, ಅಮ್ಮ ಏನು ಮಾತಾಡಿಕೊಂಡರು ಅಂತ ಕೇಳಿ ಬರೆಯಲಿ. ಡ್ಯಾಮಿನ ನೀರಲ್ಲಿ ನಾರಾಯಣದೇವರಕೆರೆ ಮುಳುಗಿ, ಜನ ಮರಿಯಮ್ಮನಹಳ್ಳಿ ಸೇರಿದ ಸಂಗತಿಯನ್ನು ಯಾವ ಅಜ್ಜಿಯಾದರೂ ಹೇಳಿದರೆ ಅದನ್ನೂ ಬರೆದುಕೊಳ್ಳಲಿ. ಅಣೆಕಟ್ಟು ಅಂದರೆ ಬರೀ ಸಿಮೆಂಟಲ್ಲ ಅಂತ ಆಗ ತಿಳಿಯುತ್ತದೆ.

ಹಳೇ ಬಿಲ್ ಬುಕ್ಕಿನ ಇತಿಹಾಸ

ಇನ್ನು ಅಂಗಡಿಯವರ ಸರದಿ. ಹೊಸಪೇಟೆಯ ಹಳೇ ಅಂಗಡಿಯ ಅಟ್ಟ ಹುಡುಕಿದರೆ ಹಳೇ ಬಿಲ್ ಬುಕ್ಕು ಸಿಗುತ್ತದೆ. ವಿಳಾಸ: ಹಾಸ್ಪೆಟ್, ಬಳ್ಳಾರಿ ಜಿಲ್ಲೆ. ಹಾಸ್ಪೆಟ್ ಅನ್ನೋದು ಅಧಿಕೃತವಾಗಿ ಹೊಸಪೇಟೆ ಆಗಿದ್ದು 2014ರ ನವೆಂಬರ್ 1ರಂದು. ಬಳ್ಳಾರಿ ಜಿಲ್ಲೆ ಹೋಗಿ ವಿಜಯನಗರ ಜಿಲ್ಲೆ ಬಂದಿದ್ದು 2021ರಲ್ಲಿ. ಸಂಡೂರು, ಕಂಪ್ಲಿ ಮಾತ್ರ ಬಳ್ಳಾರಿಯಲ್ಲೇ ಉಳಿದವು. ಕುರೆಕುಪ್ಪ ಸಂಡೂರು ತಾಲ್ಲೂಕಿನದು, ಆದ್ದರಿಂದ ಅದೂ ಬಳ್ಳಾರಿಯಲ್ಲೇ. ಪಕ್ಕದ ಊರು ಬೇರೆ ಜಿಲ್ಲೆ, ನಮ್ಮೂರು ಬೇರೆ ಜಿಲ್ಲೆ, ಯಾಕೆ? ಇದು ಮಗು ಕೇಳಲೇಬೇಕಾದ ಪ್ರಶ್ನೆ.

ಸಂಡೂರು ಪೇಟೆಯಲ್ಲೇ 1949ಕ್ಕೆ ಮೊದಲು ಹುಟ್ಟಿ, ಅಲ್ಲೇ ಬಾಳಿದ ಅಜ್ಜಿಯನ್ನು ಕೇಳಿ ನೋಡಿ. ಹುಟ್ಟಿದ್ದು ಘೋರ್ಪಡೆ ದೊರೆಗಳ ಸಂಡೂರು ಸಂಸ್ಥಾನದಲ್ಲಿ. 1949ರಲ್ಲಿ ಮದ್ರಾಸಿಗೆ ಸೇರಿದಳು. 1953ರ ಅಕ್ಟೋಬರ್ 1ಕ್ಕೆ ಮೈಸೂರಿನವಳಾದಳು. 1973ರ ನವೆಂಬರ್ 1ಕ್ಕೆ ಕರ್ನಾಟಕದವಳಾದಳು. ಮನೆ ಹೊಸ್ತಿಲು ದಾಟದೆ ನಾಲ್ಕು ಸರ್ಕಾರದ ಹೆಸರು ಕಂಡವಳು! ಪುಸ್ತಕದಲ್ಲಿ "ರಾಜ್ಯಗಳ ಪುನರ್ವಿಂಗಡಣೆ" ಅಂತ ಓದಿ ಆಕಳಿಸುವ ಮಗು, ಅಜ್ಜಿಯ ಬಾಯಲ್ಲಿ ಅದನ್ನೇ ಕೇಳಿದರೆ ಆಕಳಿಸುವುದಿಲ್ಲ.

ಕೆಂಪು ಧೂಳಿನ ಪ್ರಶ್ನೆ

ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಇಂದಿರಾ ಗಾಂಧಿ ಅಡಿಗಲ್ಲು ಹಾಕಿದ್ದು 1971ರಲ್ಲಿ. ಕಾರ್ಖಾನೆ ಕಟ್ಟಲು ಜಿಂದಾಲ್ ಕಂಪನಿ ಹುಟ್ಟಿಕೊಂಡಿದ್ದು 1994ರಲ್ಲಿ. ನಡುವಿನ ಇಪ್ಪತ್ತಮೂರು ವರ್ಷ ಕುರೆಕುಪ್ಪದ ಜನ ಏನನ್ನು ಕಾಯುತ್ತಿದ್ದರು? 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ ಮಾಲೀಕ, ಡ್ರೈವರ್, ಹೋಟೆಲಿನವನು ಏನು ಮಾಡಿದರು? ದೂರದ ರಾಜ್ಯಗಳಿಂದ ದುಡಿಯಲು ಬಂದವರ ಮಕ್ಕಳು ಪಕ್ಕದ ಬೆಂಚಿನಲ್ಲೇ ಕೂತಿದ್ದಾರೆ. ಅವರವರ ಊರನ್ನು ಭಾರತದ ನಕ್ಷೆಯಲ್ಲಿ ಗುರುತು ಮಾಡಿದರೆ ಅದೇ ಒಂದು ಪಾಠ.

ಧೂಳಿನ ವಿಷಯಕ್ಕೂ ಹೆದರಬೇಕಿಲ್ಲ. ಬಿಳಿ ಹಾಳೆಗೆ ಸ್ವಲ್ಪ ಎಣ್ಣೆ ಸವರಿ ಶಾಲೆ ಅಂಗಳ, ರಸ್ತೆ ಬದಿ, ಊರೊಳಗೆ ಮೂರು ಕಡೆ ಒಂದು ದಿನ ಇಡಲಿ. ಎಲ್ಲಿ ಧೂಳು ಹೆಚ್ಚು ಅಂತ ಹಾಳೆ ಹೇಳುತ್ತದೆ. ಧೂಳು ಯಾರದು ಅಂತ ಹಾಳೆ ಹೇಳುವುದಿಲ್ಲ. ಈ ಎರಡು ಮಾತಿನ ವ್ಯತ್ಯಾಸ ತಿಳಿದ ಮಗು ಮುಂದೆ ದೊಡ್ಡವನಾಗಿ ವದಂತಿಗೂ ಬಗ್ಗುವುದಿಲ್ಲ, ಭಾಷಣಕ್ಕೂ ಬಗ್ಗುವುದಿಲ್ಲ.

ಮೇಷ್ಟ್ರ ಕಷ್ಟ ಮೇಷ್ಟ್ರಿಗೆ

"ಹೇಳೋದು ಸುಲಭ. ಸಿಲಬಸ್ ಮುಗಿಸೋರು ಯಾರು?" ಅಂತ ಶಿಕ್ಷಕರು ಕೇಳಿದರೆ ಅದು ನ್ಯಾಯವೇ. ಗಣತಿ ಕೆಲಸ, ಬಿಸಿಯೂಟದ ಲೆಕ್ಕ, ಒಂದೇ ಕೋಣೆಯಲ್ಲಿ ಎರಡು ತರಗತಿ. ಹೆದ್ದಾರಿಯಲ್ಲಿ ಲಾರಿಗಳ ಸಾಲು ಇರುವಾಗ ನಲವತ್ತು ಮಕ್ಕಳನ್ನು ರಸ್ತೆ ದಾಟಿಸುವುದು ಹುಡುಗಾಟವೇ?

ಆದರೆ ಪ್ರಾಜೆಕ್ಟಿಗೆ ದೂರ ಹೋಗಲೇಬೇಕೆಂದಿಲ್ಲ. ಅರ್ಧ ವರ್ಷಕ್ಕೆ ಒಂದು ಸಾಕು, ಹತ್ತು ಬೇಡ. ಮನೆಯ ಅಜ್ಜ, ಅಜ್ಜಿ, ಓಣಿಯ ನಲ್ಲಿ, ವಾರದ ಸಂತೆ, ಇಷ್ಟರಲ್ಲೇ ಸರ್ಕಾರ, ವ್ಯಾಪಾರ, ಇತಿಹಾಸ ಮೂರೂ ಸಿಗುತ್ತವೆ. ಸಂತೆಯಲ್ಲಿ ಟೊಮ್ಯಾಟೊ ಯಾವ ಊರಿಂದ ಬಂತು, ರೈತನಿಗೆ ಎಷ್ಟು ಸಿಕ್ಕಿತು, ಗಿರಾಕಿ ಎಷ್ಟು ಕೊಟ್ಟ ಅಂತ ಕೇಳಿ ಬಂದ ಮಗು ಅರ್ಥಶಾಸ್ತ್ರದ ಮೊದಲ ಪಾಠ ಮುಗಿಸಿದಂತೆ. ಆಮೇಲೆ ಪುಸ್ತಕದ ಅಧ್ಯಾಯ ಬೇಗ ಮುಗಿಯುತ್ತದೆ, ಯಾಕಂದರೆ ಅರ್ಧ ವಿಷಯ ಮಗುವಿಗೆ ಆಗಲೇ ಗೊತ್ತಿರುತ್ತದೆ.

ಕೇಳುವ ಕಿವಿ ಬೇಕು

ಇನ್ನೊಂದು ಮಾತು. ಮಗು ಕಂಡುಕೊಂಡದ್ದನ್ನು ಕೇಳುವವರು ಯಾರು? ಹಳ್ಳಿಗಳಲ್ಲಿ ಮಕ್ಕಳ ಗ್ರಾಮಸಭೆ ಅಂತ ಒಂದಿದೆ. ಅಲ್ಲಿ ಮಕ್ಕಳು ಪಂಚಾಯಿತಿಯವರ ಎದುರು ನಿಂತು ನೀರು, ಶೌಚಾಲಯ, ರಸ್ತೆ ಅಂತ ಕೇಳಬಹುದು. ಕುರೆಕುಪ್ಪ ಈಗ ಪುರಸಭೆ. ಊರು ದೊಡ್ಡದಾಯಿತು, ಸಂತೋಷ. ಆದರೆ ಗ್ರಾಮ ಪಂಚಾಯಿತಿ ಹೋದ ಮೇಲೆ ಗ್ರಾಮಸಭೆ ಎಲ್ಲಿ? ವರ್ಷಕ್ಕೆ ಒಂದು ದಿನ ವಾರ್ಡಿನ ಸದಸ್ಯರು ಶಾಲೆಗೆ ಬಂದು, ಮಕ್ಕಳು ತಯಾರಿಸಿದ ಓಣಿಯ ನಕ್ಷೆ ನೋಡಿ, "ಈ ನಲ್ಲಿ ಯಾಕೆ ಕೆಟ್ಟಿದೆ?" ಅನ್ನೋ ಪ್ರಶ್ನೆಗೆ ಉತ್ತರ ಕೊಡಲು ಖರ್ಚೇನು?

ಉಳಿದದ್ದು ಊರಿನವರ ಕೈಯಲ್ಲಿದೆ. ನಾಳೆ ಒಂದು ಹುಡುಗಿ ನೋಟ್‌ಬುಕ್ ಹಿಡಿದು ಅಂಗಡಿ ಮುಂದೆ ಬಂದು, "ಮಾಮಾ, ಈ ಅಂಗಡಿ ಶುರುವಾಗಿದ್ದು ಯಾವಾಗ? ಆಗ ಸಕ್ಕರೆ ರೇಟು ಎಷ್ಟಿತ್ತು?" ಅಂತ ಕೇಳಬಹುದು. ಗಿರಾಕಿ ಇದ್ದಾರೆ, ಹೋಗಮ್ಮ ಅನ್ನಬೇಡಿ. ಐದು ನಿಮಿಷ ಸ್ಟೂಲು ಹಾಕಿ ಕೂರಿಸಿ ಹೇಳಿ. ಬಸ್ಸಿನಲ್ಲಿ ಪಕ್ಕ ಕೂತ ಹುಡುಗ ಡ್ಯಾಂ ಬಗ್ಗೆ ಕೇಳಿದರೆ ಗೊತ್ತಿದ್ದಷ್ಟು ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹೇಳಿ, ಅದೂ ಒಂದು ಪಾಠವೇ.

ಥರ್ಮೋಕೋಲ್ ವ್ಯಾಪಾರ ಸ್ವಲ್ಪ ಕಡಿಮೆಯಾದೀತು. ಚಿಂತೆ ಬೇಡ. ನೋಟ್‌ಬುಕ್ಕು, ಪೆನ್ಸಿಲ್ಲು ಅಂತೂ ಜಾಸ್ತಿಯೇ ಹೋಗುತ್ತವೆ.