ದಾರಿಯಲ್ಲಿ ನುಡಿಯುವ ಯಂತ್ರ

ಚಲಿಸುವ ಕಾರಿನಲ್ಲಿ ಕುಳಿತು ‘ಸಮೀಪದಲ್ಲಿ ನೋಡತಕ್ಕ ಸ್ಥಳ ಯಾವುದು?’ ಎಂದು ಕೇಳಿದರೆ ಯಂತ್ರವೇ ಉತ್ತರ ನುಡಿಯುವ ಕಾಲವಿದು. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳ ಪೈಕಿ ಕನಿಷ್ಠ ನಾಲ್ಕರ ಸಂಕೇತಗಳು ತಲುಪಲು ತಗುಲಿದ ಕಾಲವನ್ನು ಅಳೆದು ವಾಹನದ ನೆಲೆಯನ್ನು ಗುರುತಿಸಲಾಗುತ್ತದೆ. ನಾಗರಿಕ ಬಳಕೆಯ ಸಂಕೇತದಲ್ಲಿ ಅಮೆರಿಕವು ಬೇಕೆಂದೇ ಬೆರೆಸುತ್ತಿದ್ದ ದೋಷವು 2000ದ ಮೇ ತಿಂಗಳಲ್ಲಿ ನಿಂತ ಮೇಲೆಯೇ ಈ ನಿಖರತೆ ಜನಸಾಮಾನ್ಯರಿಗೆ ದೊರೆಯಿತು. ಪ್ರಶ್ನೆಯನ್ನು ಅಕ್ಷರವಾಗಿಸಿ, ಸ್ಥಳಗಳ ಪಟ್ಟಿಯಲ್ಲಿ ಹುಡುಕಿ, ಉತ್ತರವನ್ನು ಮತ್ತೆ ಮಾತಾಗಿಸುವುದು ಗಣಕಯಂತ್ರದ ಕೆಲಸ.

ಆದರೆ ಪಟ್ಟಿಯಲ್ಲಿರುವುದನ್ನಷ್ಟೇ ಅದು ಬಲ್ಲದು. ಚಿತ್ರದುರ್ಗದ ಕೋಟೆಯನ್ನು ತಪ್ಪದೆ ಹೆಸರಿಸೀತು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಪತ್ತೆಹಚ್ಚಿದ ಅಶೋಕನ ಶಾಸನವನ್ನು ಹೆದ್ದಾರಿಗೆ ದೂರವೆಂದು ಬಿಟ್ಟರೂ ಬಿಟ್ಟೀತು. ಎಷ್ಟೋ ಊರುಗಳ ವೀರಗಲ್ಲಿನ ಕಥೆಯನ್ನಂತೂ ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಅದಕ್ಕಾಗಿ ಕಾರು ನಿಲ್ಲಿಸಿ, ಕಟ್ಟೆಯ ಮೇಲೆ ಕುಳಿತ ಹಿರಿಯರನ್ನೇ ವಿಚಾರಿಸಬೇಕು.