ಗ್ರಂಥಾಲಯ ಮತ್ತು ಓದುಗ

ಲಕ್ಷ ಗ್ರಂಥಗಳಿರುವ ಭವನವೊಂದನ್ನು ವಿದ್ಯಾರ್ಥಿಯೊಬ್ಬನು ಪ್ರವೇಶಿಸಿದನೆಂದು ಭಾವಿಸಬಹುದು. ಅವನಿಗೆ ಬೇಕಾದುದು ಒಂದೇ ಗ್ರಂಥ. ಅದು ಅಲ್ಲಿಯೇ ಇದ್ದರೂ ಕೈಗೆ ಸಿಕ್ಕದೆ ಹೋದರೆ, ಅವನ ಪಾಲಿಗೆ ಅದು ಇಲ್ಲದಂತೆಯೇ ಸರಿ. ಗ್ರಂಥಗಳನ್ನು ಕೊಳ್ಳಲಾರದ ಬಡವಿದ್ಯಾರ್ಥಿಯು ಬರಿಗೈಯಲ್ಲಿ ಹಿಂದಿರುಗಿದರಂತೂ ವಿದ್ಯೆಯ ಬಾಗಿಲೇ ಮುಚ್ಚಿದಂತಾಗುತ್ತದೆ. ಆದುದರಿಂದ ಗ್ರಂಥಗಳನ್ನು ಸಂಗ್ರಹಿಸುವುದು ಗ್ರಂಥಾಲಯದ ಅರ್ಧ ಕೆಲಸ ಮಾತ್ರ. ಅವುಗಳನ್ನು ಓದುಗನಿಗೆ ತಲುಪಿಸುವುದು ಉಳಿದರ್ಧ. ಭಾರತದಲ್ಲಿ ಈ ಸೇವೆಗೆ ಶಾಸ್ತ್ರದ ರೂಪವನ್ನು ಕೊಟ್ಟವರು ಎಸ್. ಆರ್. ರಂಗನಾಥನ್.

1892ರಲ್ಲಿ ತಮಿಳುನಾಡಿನ ಶಿಯಾಳಿಯಲ್ಲಿ ಜನಿಸಿದ ರಂಗನಾಥನ್ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿದ್ದರು. 1924ರ ಜನವರಿಯಲ್ಲಿ ಅವರು ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ತರಗತಿಯ ಲವಲವಿಕೆಗೆ ಒಗ್ಗಿದ್ದ ಅವರಿಗೆ ಗ್ರಂಥಾಲಯದ ಏಕಾಂತವು ಬೇಸರವನ್ನು ತಂದಿತು. ಕಾಲೇಜಿಗೆ ಮರಳಲು ಹಂಬಲಿಸಿದರು. ಆದರೆ ಅದೇ ವರ್ಷ ಅವರನ್ನು ಗ್ರಂಥಾಲಯಗಳ ಅಧ್ಯಯನಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಅಲ್ಲಿ ಕಾರ್ಮಿಕರೂ ಮಹಿಳೆಯರೂ ಮಕ್ಕಳೂ ಗ್ರಂಥಾಲಯಗಳಿಂದ ಪಡೆಯುತ್ತಿದ್ದ ಪ್ರಯೋಜನವನ್ನು ಕಂಡು ಅವರ ಮನಸ್ಸು ಬದಲಾಯಿತು. 1925ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ ಅವರು ಆ ಹುದ್ದೆಯನ್ನು ಬಿಡುವ ಯೋಚನೆ ಮಾಡಲಿಲ್ಲ.

ಓದುಗರು ತಾವೇ ಕಪಾಟುಗಳ ಬಳಿಗೆ ಹೋಗಿ ಗ್ರಂಥಗಳನ್ನು ಆರಿಸಿಕೊಳ್ಳಲು ರಂಗನಾಥನ್ ಅವಕಾಶ ಕಲ್ಪಿಸಿದರು. ಆದರೆ ಕ್ರಮವಿಲ್ಲದ ಕಪಾಟಿನಲ್ಲಿ ಹುಡುಕಾಟವೇ ಗತಿ. ಲಂಡನ್ನಿನ ಅಂಗಡಿಯೊಂದರಲ್ಲಿ ಅವರು ಒಂದು ಆಟಿಕೆಯನ್ನು ಕಂಡಿದ್ದರು. ಕೆಲವೇ ಪಟ್ಟಿ, ಚಕ್ರ, ತಿರುಪುಗಳನ್ನು ಜೋಡಿಸಿ ಅದರಿಂದ ಬಗೆಬಗೆಯ ಯಂತ್ರಗಳನ್ನು ರಚಿಸಬಹುದಾಗಿತ್ತು. ವಿಷಯಗಳನ್ನೂ ಹೀಗೆಯೇ ಬಿಡಿಸಿ ಜೋಡಿಸಬಹುದೆಂದು ಅವರಿಗೆ ಹೊಳೆಯಿತು. ಭಾರತದಲ್ಲಿ ಭತ್ತಕ್ಕೆ ತಗಲುವ ರೋಗಗಳನ್ನು ಕುರಿತ ಗ್ರಂಥದಲ್ಲಿ ಬೆಳೆ, ರೋಗ, ದೇಶ ಎಂಬ ಅಂಶಗಳಿವೆ. ಪ್ರತಿಯೊಂದು ಅಂಶಕ್ಕೂ ಸಂಕೇತವನ್ನಿತ್ತು, ಅವುಗಳನ್ನು ಚಿಹ್ನೆಗಳಿಂದ ಕೂಡಿಸಿದರೆ ಗ್ರಂಥಕ್ಕೆ ಅದರದೇ ಸ್ಥಾನ ದೊರೆಯುತ್ತದೆ. 1933ರಲ್ಲಿ ಪ್ರಕಟವಾದ ಈ ಪದ್ಧತಿಗೆ ಕೋಲನ್ ವರ್ಗೀಕರಣವೆಂದು ಹೆಸರು.

1931ರಲ್ಲಿ ಅವರು ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದ್ದರು. ಗ್ರಂಥಗಳಿರುವುದು ಬಳಕೆಗಾಗಿ, ಪ್ರತಿಯೊಬ್ಬ ಓದುಗನಿಗೂ ಅವನಿಗೆ ಬೇಕಾದ ಗ್ರಂಥ ದೊರೆಯಬೇಕು, ಪ್ರತಿಯೊಂದು ಗ್ರಂಥಕ್ಕೂ ತಕ್ಕ ಓದುಗ ಸಿಗಬೇಕು, ಓದುಗನ ಕಾಲ ಉಳಿಯಬೇಕು, ಗ್ರಂಥಾಲಯವು ಬೆಳೆಯುತ್ತಿರುವ ಜೀವಿ ಎಂಬುದು ಅವುಗಳ ಸಾರ.

ವಿಶ್ವವಿದ್ಯಾನಿಲಯದ ಗ್ರಂಥಾಲಯವು ಸಲ್ಲಿಸುವ ಸೇವೆಗಳೆಲ್ಲ ಈ ಸೂತ್ರಗಳಿಗೆ ಹೊಂದಿಕೊಂಡಿವೆ. ಗ್ರಂಥಸೂಚಿಯು ಲೇಖಕನ ಹೆಸರಿನಿಂದಾಗಲಿ ವಿಷಯದಿಂದಾಗಲಿ ಗ್ರಂಥದ ಸ್ಥಳವನ್ನು ತೋರಿಸುತ್ತದೆ. ಪರಾಮರ್ಶನ ವಿಭಾಗದ ಸಿಬ್ಬಂದಿಯು ಓದುಗನ ಪ್ರಶ್ನೆಯನ್ನು ಕೇಳಿ, ಉತ್ತರ ದೊರೆಯುವ ಆಕರವನ್ನು ಮುಂದಿಡುತ್ತಾರೆ. ನಿಯತಕಾಲಿಕೆಗಳು ಹೊಸ ಸಂಶೋಧನೆಗಳನ್ನು ತಿಳಿಸಿದರೆ, ಮಹಾಪ್ರಬಂಧಗಳು ಹಿಂದಿನವರ ದುಡಿಮೆಯನ್ನು ಕಾಪಾಡುತ್ತವೆ. ತನ್ನಲ್ಲಿಲ್ಲದ ಗ್ರಂಥವನ್ನು ಬೇರೊಂದು ಗ್ರಂಥಾಲಯದಿಂದ ಎರವಲು ತರಿಸಿಕೊಡುವ ಪದ್ಧತಿಯೂ ಉಂಟು. ಇಂದು ಗಣಕಯಂತ್ರದ ಮೂಲಕ ಸೂಚಿಯನ್ನು ಮಾತ್ರವಲ್ಲದೆ ಅನೇಕ ಗ್ರಂಥಗಳನ್ನೇ ಕುಳಿತಲ್ಲಿಂದ ನೋಡಬಹುದಾಗಿದೆ. ಸಾಧನಗಳು ಬದಲಾದರೂ ಸೂತ್ರಗಳು ಹಳತಾಗಿಲ್ಲ.

ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅದೇ ನಗರದಲ್ಲಿ ನಿಧನರಾದರು. ಕಪಾಟಿನಲ್ಲಿ ಧೂಳು ಹಿಡಿದ ಗ್ರಂಥಕ್ಕೂ ಎಲ್ಲೋ ಒಬ್ಬ ಓದುಗನಿದ್ದಾನೆ. ಅವರಿಬ್ಬರನ್ನು ಕೂಡಿಸುವುದರಲ್ಲಿಯೇ ಗ್ರಂಥಾಲಯದ ಸಾರ್ಥಕತೆಯಿದೆ.