ಚಂದದ ಕಾರು ಅಗ್ಗಕ್ಕೆ ಯಾಕೆ? ಸೈಕಲ್ ಪಂಪಿನಲ್ಲಿದೆ ಉತ್ತರ

ಕೊಲ್ಲಿಯಲ್ಲಿ ದುಡಿಯುತ್ತಿರುವ ನಮ್ಮ ಶಾಲೆಯ ಹಳೆ ವಿದ್ಯಾರ್ಥಿಯೊಬ್ಬ ಮೊಬೈಲಿಗೆ ಒಂದು ಕೆಂಪು ಕಾರಿನ ಫೋಟೋ ಕಳಿಸಿ ಕೇಳಿದ: "ಸರ್, ಮಜ್ದಾ ಆರ್‌ಎಕ್ಸ್-8. ಸೆಕೆಂಡ್ ಹ್ಯಾಂಡ್. ಇಷ್ಟು ಚಂದದ ಕಾರು ಇಷ್ಟು ಕಡಿಮೆಗೆ ಯಾಕೆ ಕೊಡ್ತಾರೆ? ತಗೊಳ್ಳಬಹುದಾ?" ಎರಡು ವರ್ಷದ ಉಳಿತಾಯದ ಹಣ ಅವನದು. ನಾನೇನು ಮೆಕ್ಯಾನಿಕ್ ಅಲ್ಲ. ಆದರೆ ಓದುತ್ತಾ ಹೋದಾಗ ಗೊತ್ತಾಯಿತು, ಅವನ ಪ್ರಶ್ನೆಗೆ ಉತ್ತರ ನಾವು ದಿನಾ ಮಾಡುವ ಪಾಠದೊಳಗೇ ಉಂಟು. ಒತ್ತಡ, ಉಷ್ಣ, ಘರ್ಷಣೆ, ಇಷ್ಟೇ.

ಆರ್‌ಎಕ್ಸ್-8 ತಯಾರಾದದ್ದು 2003ರಿಂದ 2012ರವರೆಗೆ. ಅಂದರೆ ಈಗ ಸಿಗುವುದೆಲ್ಲ ಹಳೆಯ ಕಾರುಗಳೇ. ಬಾಗಿಲು, ಬ್ರೇಕು, ಸಸ್ಪೆನ್ಷನ್ನಿನ ರಿಪೇರಿ ಬೇರೆ ಕಾರುಗಳ ಹಾಗೆಯೇ. ಇದರ ಬೆಲೆ ಇಳಿಯಲು ಮುಖ್ಯ ಕಾರಣ ಎಂಜಿನ್. ಇದರಲ್ಲಿ ಮೇಲೆ ಕೆಳಗೆ ಹೋಗುವ ಪಿಸ್ಟನ್ ಇಲ್ಲ. ಉಬ್ಬಿದ ಬದಿಗಳ ತ್ರಿಕೋನದಂತಹ ಎರಡು ರೋಟರ್‌ಗಳು, ನಡುವೆ ತುಸು ಸೊಂಟ ಹಿಡಿದ ಅಂಡಾಕಾರದ ಗೂಡಿನೊಳಗೆ ತಿರುಗುತ್ತವೆ. ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್ ಅವರ ಕಲ್ಪನೆ ಇದು. ರೋಟರ್ ಒಂದು ಸುತ್ತು ತಿರುಗುವಾಗ ಶಾಫ್ಟು ಮೂರು ಸುತ್ತು ತಿರುಗುತ್ತದೆ. ಬರೇ 1.3 ಲೀಟರ್ ಎಂಜಿನ್, ಆದರೆ ಹೆಚ್ಚು ಶಕ್ತಿಯ ಮಾದರಿಯಲ್ಲಿ ಸುಮಾರು 230 ಅಶ್ವಶಕ್ತಿ ಕೊಡುತ್ತದೆ.

ರೋಟರಿನ ಮೂರು ಬದಿಗಳಿಗೂ ಗೂಡಿನ ಗೋಡೆಗೂ ನಡುವೆ ಮೂರು ಕೋಣೆಗಳು. ಒಂದು ಕೋಣೆಯ ಅನಿಲ ಇನ್ನೊಂದಕ್ಕೆ ನುಸುಳದ ಹಾಗೆ ತಡೆಯಲು ತ್ರಿಕೋನದ ಪ್ರತಿ ತುದಿಯಲ್ಲಿ ಒಂದು ತೆಳ್ಳಗಿನ ಲೋಹದ ಪಟ್ಟಿ ಇದೆ. ಅದಕ್ಕೆ ಏಪೆಕ್ಸ್ ಸೀಲು ಅನ್ನುತ್ತಾರೆ. ಎರಡು ರೋಟರಿಗೆ ಒಟ್ಟು ಆರು. ಪಿಸ್ಟನ್ನಿನ ರಿಂಗು ಸಿಲಿಂಡರಿಗೆ ಬಳೆಯ ಹಾಗೆ ಸುತ್ತಲೂ ತಾಗಿರುತ್ತದೆ. ಈ ಸೀಲು ಗೋಡೆಗೆ ತಾಗುವುದು ಒಂದೇ ಗೆರೆಯಲ್ಲಿ. ಜೊತೆಗೆ, ಈ ಎಂಜಿನ್ನಿನಲ್ಲಿ ಕಿಡಿ ಹಾರುವುದು ಯಾವಾಗಲೂ ಗೂಡಿನ ಒಂದೇ ಬದಿಯಲ್ಲಿ. ಒಂದು ಬದಿ ಕಾದು ಹಿಗ್ಗುತ್ತದೆ, ತಂಪು ಗಾಳಿ ಬರುವ ಬದಿ ಅಷ್ಟು ಹಿಗ್ಗುವುದಿಲ್ಲ. ಈ ಏರುಪೇರಿನ ನಡುವೆ ಸೀಲು ಗೋಡೆ ಬಿಡದೆ ಉಜ್ಜುತ್ತಾ ಓಡಬೇಕು. 1960ರ ದಶಕದಲ್ಲಿ ಕೆನಿಚಿ ಯಮಮೊಟೊ ಅವರ ತಂಡ ಮಜ್ದಾದಲ್ಲಿ ಈ ಎಂಜಿನ್ ಬೆಳೆಸುವಾಗ, ಸೀಲು ನಡುಗಿ ಗೋಡೆಯ ಮೇಲೆ ಬೀಳುತ್ತಿದ್ದ ಗೀರುಗಳನ್ನು ದೆವ್ವದ ಉಗುರಿನ ಗುರುತು ಅಂತ ಕರೆಯುತ್ತಿದ್ದರಂತೆ. ಆ ತೊಂದರೆ ಗೆದ್ದ ಮೇಲೆಯೇ 1967ರಲ್ಲಿ ಅವರ ಮೊದಲ ರೋಟರಿ ಕಾರು ಕಾಸ್ಮೊ ಸ್ಪೋರ್ಟ್ ಹೊರಬಂತು.

ಸೀಲು ಸವೆಯದಿರಲು ಎಣ್ಣೆ ಬೇಕು. ಅದಕ್ಕಾಗಿ ಎಂಜಿನ್ನೇ ಸ್ವಲ್ಪ ಸ್ವಲ್ಪ ಆಯಿಲನ್ನು ಗೂಡಿನೊಳಗೆ ಬಿಡುತ್ತದೆ, ಅದು ಪೆಟ್ರೋಲಿನ ಜೊತೆ ಸುಟ್ಟುಹೋಗುತ್ತದೆ. ಆಯಿಲ್ ಕಡಿಮೆಯಾಗುವುದು ಇಲ್ಲಿ ಕೆಡುಕಿನ ಲಕ್ಷಣ ಅಲ್ಲ, ಎಂಜಿನ್ನಿನ ಸ್ವಭಾವ. ಇದು ಗೊತ್ತಿಲ್ಲದ ಮಾಲೀಕ ಸರ್ವೀಸಿನವರೆಗೆ ಡಿಪ್‌ಸ್ಟಿಕ್ ನೋಡುವುದೇ ಇಲ್ಲ. ಎಣ್ಣೆ ಒಣಗಿದಲ್ಲಿ ಸೀಲು ಸವೆಯುತ್ತದೆ.

ಇನ್ನೊಂದು ಸಾಮಾನ್ಯ ತೊಂದರೆ, ತಣ್ಣಗಿನ ಎಂಜಿನನ್ನು ಸ್ಟಾರ್ಟ್ ಮಾಡಿ, ಕಾರನ್ನು ಅಂಗಳದಲ್ಲಿ ನಾಲ್ಕು ಮಾರು ಸರಿಸಿ, ಕೂಡಲೇ ಆಫ್ ಮಾಡುವುದರಿಂದ ಬರುವಂಥದ್ದು. ತಣ್ಣಗಿರುವಾಗ ಪೆಟ್ರೋಲ್ ಹೆಚ್ಚು ಹೋಗುತ್ತದೆ. ಉಳಿದ ಪೆಟ್ರೋಲ್ ಗೋಡೆಯ ಎಣ್ಣೆಯನ್ನು ತೊಳೆದುಬಿಡುತ್ತದೆ. ಮತ್ತೆ ಸ್ಟಾರ್ಟ್ ಮಾಡಿದರೆ ಒತ್ತಡ ನಿಲ್ಲುವುದಿಲ್ಲ, ಪ್ಲಗ್ಗೂ ಒದ್ದೆ. ಸ್ಟಾರ್ಟರ್ ಸುಮ್ಮನೆ ತಿರುಗುತ್ತದೆ.

ಮೂರನೆಯದು ಸರಪಳಿಯ ಹಾಗೆ ಬೆಳೆಯುವ ತೊಂದರೆ. ಕಿಡಿಗೆ ವಿದ್ಯುತ್ ಕೊಡುವ ನಾಲ್ಕು ಇಗ್ನಿಷನ್ ಕಾಯಿಲುಗಳು ಐವತ್ತು ಸಾವಿರ ಕಿ.ಮೀ. ಸುಮಾರಿಗೆ ದುರ್ಬಲವಾಗುವುದು ಸಾಮಾನ್ಯ. ಕಿಡಿ ತಪ್ಪಿದರೆ ಸುಡದ ಪೆಟ್ರೋಲ್ ಹೊಗೆಕೊಳವೆಗೆ ಹೋಗಿ ಅಲ್ಲಿರುವ ಕೆಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತದೆ. ಜೇನುಗೂಡಿನ ಹಾಗಿರುವ ಅದರ ಒಳಭಾಗ ಕರಗಿ ಕಟ್ಟಿಕೊಳ್ಳುತ್ತದೆ. ಹೊಗೆ ಹೊರಹೋಗಲು ದಾರಿ ಇಲ್ಲದೆ ಶಾಖ ಎಂಜಿನ್ನಿಗೇ ಹಿಂದಿರುಗುತ್ತದೆ. ಕೊನೆಗೆ ಪೆಟ್ಟು ಬೀಳುವುದು ಅದೇ ಸೀಲುಗಳಿಗೆ.

ಖರ್ಚನ್ನು ನೋಡಿ. ಈ ಕಾರು ಹೆಚ್ಚು ಓಡಾಡಿದ ಬ್ರಿಟನ್ನಿನ ಲೆಕ್ಕ ಹೇಳುವುದಾದರೆ, ನಾಲ್ಕು ಕಾಯಿಲುಗಳಿಗೆ ನೂರು ಇನ್ನೂರು ಪೌಂಡ್. ಕನ್ವರ್ಟರಿಗೆ ಹಲವು ನೂರು. ಎಂಜಿನ್ ಬಿಚ್ಚಿ ಹೊಸ ಸೀಲು ಹಾಕಿ ಜೋಡಿಸಲು ಸುಮಾರು 3,000ದಿಂದ 5,000 ಪೌಂಡ್. ಹಳೆಯ ಆರ್‌ಎಕ್ಸ್-8 ಪೂರ್ತಿ ಕಾರೇ ಎಷ್ಟೋ ಸಲ ಅದಕ್ಕಿಂತ ಕಡಿಮೆಗೆ ಸಿಗುತ್ತದೆ! ಅಮೆರಿಕದಲ್ಲಿ ಕಂಪನಿಯೇ 2004ರಿಂದ 2008ರ ಮಾದರಿಗಳ ಎಂಜಿನ್ ವಾರಂಟಿಯನ್ನು 8 ವರ್ಷ ಅಥವಾ 1,00,000 ಮೈಲಿಗೆ ವಿಸ್ತರಿಸಿತ್ತು. ಆ ಅವಧಿ ಮುಗಿದು ಕಾಲವಾಯಿತು. ಹಾಗಾಗಿ ಮಾರುವವ ಹೇಳುವ ಬೆಲೆ ಅರ್ಧ ಬೆಲೆ ಮಾತ್ರ. ಉಳಿದರ್ಧ ಎಂಜಿನ್ನಿನೊಳಗೆ ಅಡಗಿರುತ್ತದೆ.

ಅದನ್ನು ಅಳೆಯಲು ಬರುತ್ತದೆ. ಪ್ಲಗ್ ತೆಗೆದು ಅಲ್ಲಿ ಮಾಪಕ ಇಟ್ಟು ಸ್ಟಾರ್ಟರಿನಿಂದ ಎಂಜಿನ್ ತಿರುಗಿಸಿದರೆ ಪ್ರತಿ ರೋಟರಿಗೆ ಮೂರು ಒತ್ತಡಗಳು ಸಿಗುತ್ತವೆ. ನಿಮಿಷಕ್ಕೆ 250 ಸುತ್ತಿನ ವೇಗದಲ್ಲಿ 830 ಕಿಲೋಪಾಸ್ಕಲ್ ಇದ್ದರೆ ಹೊಸದರ ಹಾಗೆ, 680ಕ್ಕಿಂತ ಕೆಳಗಿದ್ದರೆ ಎಂಜಿನ್ ಬಿಚ್ಚಬೇಕು. ಒಂದೇ ರೋಟರಿನ ಕೋಣೆಗಳ ನಡುವಿನ ವ್ಯತ್ಯಾಸ 150 ದಾಟಬಾರದು. ಗಮನಿಸಿ, ಪಿಸ್ಟನ್ ಎಂಜಿನ್ನಿಗೆ ಬಳಸುವ ಸಾಮಾನ್ಯ ಮಾಪಕ ಇಲ್ಲಿ ಸಾಲದು. ಅದು ಮೂರರಲ್ಲಿ ಹೆಚ್ಚಿನದನ್ನು ಮಾತ್ರ ಹಿಡಿದಿಟ್ಟು ತೋರಿಸುತ್ತದೆ, ಸೋತ ಕೋಣೆ ಮರೆಯಾಗುತ್ತದೆ. ತರಗತಿಯ ಸರಾಸರಿ ಅಂಕ ನೋಡಿ ಹಿಂದಿನ ಬೆಂಚಿನ ಹುಡುಗನನ್ನು ಮರೆತ ಹಾಗೆ.

ಮಾಪಕ ಸಿಗದಿದ್ದರೆ ಇನ್ನೊಂದು ಉಪಾಯ. ತಣ್ಣಗಿರುವಾಗ ಆಯಿಲ್ ದಪ್ಪ, ಸವೆದ ಸೀಲಿನ ಸಂದನ್ನೂ ಅದು ತುಂಬಿಬಿಡುತ್ತದೆ. ಬಿಸಿಯಾದಾಗ ತೆಳುವಾಗುತ್ತದೆ. ಆದ್ದರಿಂದ ಇಪ್ಪತ್ತು ನಿಮಿಷ ಓಡಿಸಿ, ಆಫ್ ಮಾಡಿ, ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಬೇಕು. ಆಗ ತಡವರಿಸಿದರೆ ಸೀಲು ಸವೆದಿರುವ ಸಂಶಯ ಬಲವಾಗುತ್ತದೆ.

ಇದನ್ನು ಮಕ್ಕಳಿಗೆ ತೋರಿಸಲು ಕಾರು ಬೇಕಾಗಿಲ್ಲ ಮಾರಾಯ್ರೇ. ಚರ್ಮದ ವಾಷರ್ ಇರುವ ಹಳೆಯ ಸೈಕಲ್ ಪಂಪು ತನ್ನಿ. ವಾಷರ್ ಒಣಗಿದ್ದಾಗ ಕೊಳವೆಯ ಬಾಯಿಗೆ ಬೆರಳಿಟ್ಟು ಒತ್ತಿಸಿ. ಹಿಡಿ ಸಲೀಸಾಗಿ ಕೆಳಗಿಳಿಯುತ್ತದೆ, ಗಾಳಿ ಹಿಂದಿನಿಂದ ನುಸುಳುತ್ತದೆ. ನಾಲ್ಕು ಹನಿ ತೆಂಗಿನೆಣ್ಣೆ ಬಿಟ್ಟು, ಸ್ವಲ್ಪ ಹೊತ್ತು ಕಳೆದು ಮತ್ತೆ ಒತ್ತಿಸಿ. ಈಗ ಬೆರಳನ್ನೇ ತಳ್ಳುತ್ತದೆ. ಆಮೇಲೆ ಪ್ರಶ್ನೆ ಹಾಕಿ: ಪಂಪು ಹೊರಗಿನಿಂದ ಎರಡು ಸಲವೂ ಒಂದೇ ಥರ ಕಂಡಿತಲ್ಲ, ಬದಲಾದದ್ದು ಏನು?

ನಮ್ಮ ಹುಡುಗ ಮಾರುವವನ ಹತ್ತಿರ ಒತ್ತಡದ ಪರೀಕ್ಷೆ ಮಾಡಿಸೋಣ, ಅದರ ದುಡ್ಡು ನಾನೇ ಕೊಡ್ತೇನೆ ಅಂದ. ಅವನು ಒಪ್ಪಲಿಲ್ಲ. ಇವನು ಕಾರು ತೆಗೆದುಕೊಳ್ಳಲಿಲ್ಲ. "ಫೋಟೋ ಮಾತ್ರ ಇಟ್ಕೊಂಡಿದ್ದೇನೆ ಸರ್" ಅಂತ ಆಮೇಲೆ ಮೆಸೇಜು ಬಂತು.

ಪಂಪಿನ ಪ್ರಯೋಗ ನಿಮ್ಮ ತರಗತಿಯಲ್ಲಿ ಮಾಡಿ ನೋಡಿದವರು ಮಕ್ಕಳು ಕೊಟ್ಟ ಉತ್ತರಗಳನ್ನು ಮುಂದಿನ ಸಂಚಿಕೆಗೆ ಬರೆದು ಕಳಿಸಿ.